ಮೂರು ಚೆಂಡು, ಒಂದು ಗಿಲಕಿ

ನವೆಂಬರ್ ೪, ಸೋಮವಾರ

ಬದುಕಿದ್ದೇನೆ. ಇದನ್ನು ಮೊದಲು ಬರೆದಿಟ್ಟುಬಿಡುತ್ತೇನೆ, ಮಿಕ್ಕಿದ್ದು ಆಮೇಲೆ.

ಮೂಗು ಬಾಯಿ ಎರಡನ್ನೂ ಸೇರಿಸಿ ಆಕ್ಸಿಜನ್ ಮಾಸ್ಕು ಕಟ್ಟಿದ್ದಾರೆ. ಮಾತಾಡೋಣವೆಂದು ಎತ್ತಿದರೆ ಸಾಕು, ಆ ನರ್ಸು ಎಲ್ಲಿರುತ್ತಾಳೋ, ಓಡಿ ಬಂದು ಗದರುತ್ತಾಳೆ. ನನ್ನಂಥವನ ಬಾಯಿ ಮುಚ್ಚಿಸಿದರೆ ಹೊಟ್ಟೆ ಉಬ್ಬಿ ಸಾಯುತ್ತಾನೆಂದು ಗೊತ್ತಿದ್ದೇ ಮಗಳು ಅಫ್ರೀನ ಈ ನೋಟ್‌ಬುಕ್ಕು ತಂದುಕೊಟ್ಟಳು. "ಅಬ್ಬಾ, ಏನ್ ಹೇಳೂದೈತಿ ಇದರಾಗ ಬರೀರಿ. ಮಾಸ್ಕ್ ಎತ್ತಿದ್ರ ನಾ ಮನಿಗಿ ಹೊಕ್ಕೇನಿ ನೋಡ್ರಿ" ಎಂದಳು. ಮೊದಮೊದಲು 'ನೀರು', 'ಫ್ಯಾನ್ ಹಾಕು' ಎಂದು ಬರೆದು ತೋರಿಸುತ್ತಿದ್ದೆ. ಈಗ ತೋರಿಸಲು ಎದುರಿಗೆ ಯಾರೂ ಇಲ್ಲದಿದ್ದರೂ ಕೈ ನಿಲ್ಲುತ್ತಿಲ್ಲ. ಏಳನೆಯ ಇಯತ್ತೆಯವರೆಗೆ ಕನ್ನಡ ಸಾಲೆಗೆ ಹೋಗಿದ್ದು ನಲವತ್ತೆಂಟನೆಯ ವಯಸ್ಸಿನಲ್ಲಿ ಉಪಯೋಗಕ್ಕೆ ಬಂತು.

ಊರಿಗೆಲ್ಲ ಜ್ವರ ಬಂದಿತ್ತು, ನನಗೂ ಬಂತು. ಊರಿನವರಿಗೆ ನಾಲ್ಕು ದಿನಕ್ಕೆ ಬಿಟ್ಟಿತು, ನನಗೆ ಪುಪ್ಪುಸಕ್ಕೆ ಇಳಿದು ಚಾಪೆ ಹಾಸಿ ಕೂತಿತು. ದೀಪಾವಳಿಯ ಪಟಾಕಿ ಸದ್ದನ್ನು ಐಸಿಯುನಲ್ಲಿ ಮಲಗಿ ಕೇಳಿದೆ. ಜ್ವರದ ಹೆಸರು ಹಂದಿಜ್ವರ ಎಂದಾಗ ಹೆಂಡತಿ ಜೀನತ ಕಿವಿ ಮುಚ್ಚಿಕೊಂಡಳು. "ಐದು ಹೊತ್ತು ನಮಾಜ್ ಮಾಡೂ ಮನಷ್ಯಾಗ ಬರೂ ಜಡ್ಡೇನ್ರಿ ಇದು?" ಎಂದು ಡಾಕ್ಟರನ್ನೇ ಕೇಳಿದಳು. ಐದು ಹೊತ್ತು ಎಂಬುದು ಡಾಕ್ಟರಿಗೆಂದು ಹೇಳಿದ ಲೆಕ್ಕ. ಬ್ಯಾಂಡಿನವನು ನಾನು, ಮದುವೆಗಳ ಕಾಲದಲ್ಲಿ ನನ್ನದು ಎರಡು ಹೊತ್ತಾದರೆ ಹೆಚ್ಚು. ಡಾಕ್ಟರ್ ಪೂನಮ್ ನಿಡಸೋಸಿ ಕಡೆಯವರು, ನಗುವುದು ಕಡಿಮೆ. "ಹಂಗಾದ್ರ ಎಚ್ ಒನ್ ಎನ್ ಒನ್ ಅನ್ರಿ. ಅದು ಎಲ್ಲಾರ ಮನಿಗೂ ಬರತೈತಿ" ಎಂದರು. ಈಗ ನಮ್ಮ ಓಣಿಯಲ್ಲಿ ಆ ಹೆಸರೇ ಓಡುತ್ತಿದೆಯಂತೆ. ನಾನೇನೋ ದೊಡ್ಡ ಪರೀಕ್ಷೆ ಪಾಸಾದಂತೆ ಕೇಳಿಸುತ್ತದೆ.

ನವೆಂಬರ್ ೭, ಗುರುವಾರ

ಇಂದು ವಾರ್ಡಿನಲ್ಲಿ ನನ್ನ ಮಾನ ಹೋಯಿತು.

ಮಾಸ್ಕು ತೆಗೆದು, ಕೈಗೊಂದು ಪ್ಲಾಸ್ಟಿಕ್ಕಿನ ಆಟಿಗೆ ಕೊಟ್ಟರು. ಮೂರು ಖಾನೆ, ಒಂದೊಂದರಲ್ಲಿ ಒಂದೊಂದು ಚೆಂಡು, ಬಾಯಿಗಿಡಲು ಒಂದು ನಳಿಗೆ. "ಉಸಿರಿನಿಂದ ಚೆಂಡು ಮ್ಯಾಲೆ ಏರಸ್ರಿ, ಪುಪ್ಪುಸ ಬಿಚ್ಚಿಕೋತಾವು" ಎಂದಳು ನರ್ಸು. ನನಗೆ ನಗು ತಡೆಯಲಾಗಲಿಲ್ಲ. ಮೂವತ್ತು ವರ್ಷ ಟ್ರಂಪೆಟ್ ಊದಿದವನಿಗೆ, ಹುಕ್ಕೇರಿಯಿಂದ ಮೂಡಲಗಿಯವರೆಗೆ ಯಾಕೂಬ ಉಸ್ತಾದ ಎಂದರೆ ಬ್ಯಾಂಡಿನವರು ಎದ್ದು ನಿಲ್ಲುವಂಥವನಿಗೆ, ಊದುವುದನ್ನು ಕಲಿಸುತ್ತಾರೆ. ಅಕ್ಕಪಕ್ಕದ ಹಾಸಿಗೆಯವರನ್ನೆಲ್ಲ ನೋಡಲು ಹೇಳಿದೆ. ಕೆನ್ನೆ ಉಬ್ಬಿಸಿ ಊದಿದೆ. ಚೆಂಡು ಕದಲಲಿಲ್ಲ. ಇನ್ನೊಮ್ಮೆ ಊದಿದೆ, ಕಣ್ಣು ಕತ್ತಲೆ ಬಂತು, ಚೆಂಡು ಇದ್ದಲ್ಲೇ ಇತ್ತು. ಎದುರು ಹಾಸಿಗೆಯ ಅಂಕಲಗಿ ಮುದುಕ ಕೆಮ್ಮುತ್ತ ಕೆಮ್ಮುತ್ತ ನಕ್ಕ.

ಡಾಕ್ಟರ್ ಪೂನಮ್ ಬಂದು ನೋಡಿದರು. "ಉಸ್ತಾದ್ರ, ಊದೂದಲ್ರಿ ಅದು. ಒಳಗ ಜಗ್ಗೂದು."

ಒಳಗೆ ಎಳೆದುಕೊಂಡೆ. ಒಂದು ಚೆಂಡು ಸ್ವಲ್ಪ ಅಲುಗಿ ಕೂತಿತು. ಅಂಕಲಗಿ ಮುದುಕ ಅದೇ ಆಟಿಗೆಯಲ್ಲಿ ಎರಡು ಏರಿಸಿ ತೋರಿಸಿದ. ಅವನಿಗೆ ಒಂದೂ ಹಲ್ಲಿಲ್ಲ.

ಮೂರೂ ಏರಿಸುವವರೆಗೆ ನಾನು ಗಂಡಸಲ್ಲ.

ನವೆಂಬರ್ ೧೨, ಮಂಗಳವಾರ

ಮನೆಗೆ ಬಂದೆ. ನನ್ನ ಮಂಚ, ನನ್ನ ಕಿಟಕಿ, ಗೋಡೆಗೆ ತೂಗುಹಾಕಿದ ನನ್ನ ಟ್ರಂಪೆಟ್. ಅಳು ಬಂತು, ಅದನ್ನು ಕೆಮ್ಮೆಂದು ತೋರಿಸಿದೆ.

ಬಿಡುವಾಗ ಡಾಕ್ಟರು ಬಹಳ ಹೇಳಿದರು. ಜ್ವರದ ವೈರಸ್ಸು ಪುಪ್ಪುಸಕ್ಕಷ್ಟೇ ಅಲ್ಲ, ಹೃದಯದ ಸ್ನಾಯುವಿಗೂ ಬಾವು ತಂದಿರಬಹುದಂತೆ. ರಕ್ತಪರೀಕ್ಷೆಯಲ್ಲಿ ಏನೋ ಹೆಚ್ಚಿಗೆ ಕಂಡಿದೆಯಂತೆ. "ಹತ್ತು ದಿನ ಬಿಟ್ಟು ಎದಿ ಎಕೋ ಮಾಡಸಾಕ ಬರಲೇಬೇಕ್ರಿ. ಅಲ್ಲೀತನಕಾ ಟ್ರಂಪೆಟ್ ಮುಟ್ಟಬ್ಯಾಡ್ರಿ. ಕಾಲ ಬಾತ್ರ, ಮಲಕೊಂಡಾಗ ದಮ್ಮ ಹತ್ತಿದ್ರ ತಡಾ ಮಾಡಬ್ಯಾಡ್ರಿ" ಎಂದರು. ಅಫ್ರೀನ ಎಲ್ಲಕ್ಕೂ ತಲೆಯಾಡಿಸುತ್ತಿದ್ದಳು. ನನ್ನ ಕಿವಿ 'ಮನೆಗೆ ಹೋಗಬಹುದು' ಎಂಬಲ್ಲಿಗೇ ನಿಂತುಬಿಟ್ಟಿತ್ತು.

ಓಣಿಯವರೆಲ್ಲ ನೋಡಲು ಬಂದರು. ಗೋಕಾಕದಲ್ಲಿ ಸಾವಿನ ಬಾಗಿಲಿಂದ ಬಂದವನನ್ನು ನೋಡಲು ಬರಿಗೈಯಲ್ಲಿ ಬರುತ್ತಾರೆಯೇ? ಪ್ರತಿಯೊಬ್ಬರ ಕೈಯಲ್ಲೂ ಕರದಂಟು. ಅಂಟು, ಒಣಕೊಬ್ಬರಿ, ಗೋಡಂಬಿ, ಬೆಲ್ಲ. ಬಾಣಂತಿಗೂ ಅದೇ, ಪೈಲ್ವಾನನಿಗೂ ಅದೇ, ಎಚ್ ಒನ್ ಎನ್ ಒನ್ನಿಗೂ ಅದೇ. ಕಪಾಟಿನಲ್ಲಿ ಜಾಗ ಸಾಲದೆ ಜೀನತ ಮಂಚದ ಕೆಳಗೆ ಇಟ್ಟಿದ್ದಾಳೆ. ಕೈ ಕೆಳಗೆ ಬಿಟ್ಟರೆ ಸಿಗುತ್ತದೆ. ಇದಕ್ಕಿಂತ ಸುಖ ಇನ್ನೇನು.

ಅಫ್ರೀನಳ ಶಾದಿಗೆ ಮೂರು ತಿಂಗಳಿದೆ. ಹುಡುಗ ಹುಕ್ಕೇರಿಯವನು, ಸುಫಿಯಾನ, ಮೋಟರು ರಿವೈಂಡಿಂಗ್ ಅಂಗಡಿ ಇಟ್ಟಿದ್ದಾನೆ. ರುಖ್ಸತಿಯ ಹೊತ್ತಿಗೆ, ಅಂದರೆ ಹುಡುಗಿಯನ್ನು ಗಂಡನ ಮನೆಗೆ ಕಳಿಸುವ ಹೊತ್ತಿಗೆ, ನಾನು ಊದುವ ಧಾಟಿ ಈ ಮೂರು ತಾಲೂಕಿಗೆ ಹೆಸರಾದದ್ದು. ಎಷ್ಟೇ ಗಟ್ಟಿ ಹುಡುಗಿಯಿರಲಿ, ಎರಡನೆಯ ಸಾಲಿಗೆ ಅಳದೆ ಉಳಿಯುವುದಿಲ್ಲ. ಊರ ಮದುಮಕ್ಕಳನ್ನೆಲ್ಲ ಅಳಿಸಿದ್ದೇನೆ. ನನ್ನ ಮಗಳನ್ನು ಬೇರೆಯವನು ಅಳಿಸಲು ಬಿಡುತ್ತೇನೆಯೇ? ಅವಳು ಹುಟ್ಟಿದ ದಿನವೇ ಈ ಮಾತು ಆಡಿದ್ದೇನೆ, ಓಣಿಯವರಿಗೆಲ್ಲ ಗೊತ್ತು.

ನವೆಂಬರ್ ೧೯, ಮಂಗಳವಾರ

ಏರಿದವು. ಮೂರೂ ಏರಿದವು. ಏರಿ ಅಲ್ಲೇ ನಿಂತವು.

ಓಣಿಯ ಹುಡುಗರನ್ನು ಕರೆದು ತೋರಿಸಿದೆ, ಹಾಲು ಹಾಕಲು ಬಂದವಳಿಗೂ ತೋರಿಸಿದೆ. ಅಲ್ಲಪ್ಪ ಬಂದಾಗ ಅವನಿಗೂ ತೋರಿಸಿದೆ. ಅಲ್ಲಪ್ಪ ನಮ್ಮ ಬ್ಯಾಂಡಿನಲ್ಲಿ ಗಿಲಕಿ ಆಡಿಸುವವನು, ನನಗಿಂತ ಹನ್ನೆರಡು ವರ್ಷ ಹಿರಿಯ. ಗಿಲಕಿ ಎಂದರೆ ತೊಟ್ಟಿಲ ಕೂಸಿಗೆ ಕೊಡುವುದೇ, ಸ್ವಲ್ಪ ದೊಡ್ಡದು. ನಮ್ಮೂರ ಆಟಿಗೆಯವರು ಕಟ್ಟಿಗೆಯಲ್ಲಿ ಮಾಡಿ ಅರಗಿನ ಬಣ್ಣ ಹಚ್ಚಿದ್ದು. ಊದಲು ಬಾರದವರಿಗೆ, ಢೋಲು ಹೊರಲಾಗದವರಿಗೆ ಅದನ್ನು ಕೈಗೆ ಕೊಟ್ಟು ಕೊನೆಯಲ್ಲಿ ನಿಲ್ಲಿಸುತ್ತೇವೆ. ಅದರ ಸದ್ದು ಯಾರಿಗೆ ಬೇಕು. ಆದರೂ ಅಲ್ಲಪ್ಪ ಒಳ್ಳೆಯವನು.

ಅವನು ಚೆಂಡು ನೋಡಲಿಲ್ಲ, ನನ್ನ ಕಾಲು ನೋಡಿದ. "ಉಸ್ತಾದ್ರ, ಕಾಲ್ಯಾಕ ಹಿಂಗ ಬಾತಾವು?"

"ಓಣಿ ಕರದಂಟೆಲ್ಲಾ ಎಲ್ಲಿ ಹೋಗ್ಬೇಕೊ? ಕಾಲಿಗಿಳದೈತಿ" ಎಂದೆ.

ಅವನು ಕಾಲಿನ ಮೇಲೆ ಬೆರಳೊತ್ತಿ ತೆಗೆದ. ಕುಳಿ ಬಿದ್ದು ಹಾಗೇ ಉಳಿಯಿತು. ನಾವಿಬ್ಬರೂ ಅದನ್ನು ನೋಡಿದೆವು. ನಾನು ಚಾದರ ಎಳೆದುಕೊಂಡೆ.

ಇಪ್ಪತ್ತೆರಡಕ್ಕೆ ಎಕೋಗೆ ಹೋಗಬೇಕೆಂದು ಅಫ್ರೀನ ತಲೆ ತಿನ್ನುತ್ತಿದ್ದಾಳೆ. ಪುಪ್ಪುಸಕ್ಕೆ ಬಂದ ಜಡ್ಡು, ಪುಪ್ಪುಸ ಮೂರು ಚೆಂಡು ಏರಿಸುತ್ತಿದೆ, ಇನ್ನೆಂಥ ಎಕೋ? ಮಲಗಿದಾಗ ಮಾತ್ರ ಗಾಳಿ ಸಾಲದಂತಾಗುತ್ತದೆ, ಅದಕ್ಕೆ ಮೂರು ದಿಂಬು ಹಾಕಿಸಿಕೊಂಡಿದ್ದೇನೆ. ಮಲಗಿದಂತೆಯೂ ಅಲ್ಲ, ಕೂತಂತೆಯೂ ಅಲ್ಲ. ಹಳೆಯ ನವಾಬರು ಹೀಗೇ ಮಲಗುತ್ತಿದ್ದಿರಬೇಕು.

ನವೆಂಬರ್ ೨೪, ಭಾನುವಾರ

ತುಳಸಿ ಲಗ್ನ ಮುಗಿಯಿತು, ಮದುವೆಗಳು ಶುರು. ನಾಳೆ ಮೂಡಲಗಿಯಲ್ಲಿ ದೊಡ್ಡ ಮೆರವಣಿಗೆ. ನಾನು ಹೋಗುತ್ತೇನೆ.

ಮನೆಯಲ್ಲಿ ಯುದ್ಧವಾಯಿತು. ಜೀನತ ಮಾತು ಬಿಟ್ಟಿದ್ದಾಳೆ, ಪಾತ್ರೆಗಳು ಮಾತಾಡುತ್ತಿವೆ. ಅಫ್ರೀನ ಎಕೋ ಎಕೋ ಎಂದು ಬಾಗಿಲಿಗೆ ಅಡ್ಡ ನಿಂತಳು. ಚೆಂಡು ಏರಿಸಿ ತೋರಿಸಿದೆ. ಅಣ್ಣನ ಮಗ ಅರ್ಫಾತ, ನನ್ನ ಕೈಕೆಳಗೆ ಎರಡನೆಯ ಟ್ರಂಪೆಟ್ ಊದುವವನು, "ಕಾಕಾ, ನಾ ನೋಡ್ಕೋತೇನ್ರಿ" ಎಂದ. ಅವನು ನೋಡಿಕೊಂಡರೆ ಮದುಮಗ ಕುದುರೆ ಇಳಿದು ಮನೆಗೆ ಹೋಗುತ್ತಾನೆ.

ಕೆಂಪು ಕೋಟು ಬಂತು. ಜರಿಯ ಟೋಪಿ ಬಂತು. ಬಿಳಿ ಬೂಟು ಮಾತ್ರ ಕಾಲಿಗೆ ಹತ್ತಲಿಲ್ಲ. ಹಿಂಬದಿಯನ್ನು ಚಾಕುವಿನಿಂದ ಕೊಯ್ದು ಚಪ್ಪಲಿ ಮಾಡಿಕೊಂಡೆ. ಮೆರವಣಿಗೆಯಲ್ಲಿ ಹಿಮ್ಮಡಿ ಯಾರು ನೋಡುತ್ತಾರೆ.

ನವೆಂಬರ್ ೨೮, ಗುರುವಾರ

ಮತ್ತೆ ಅದೇ ದವಾಖಾನೆ, ಅದೇ ನರ್ಸು. "ಉಸ್ತಾದ್ರ, ನಮ್ಮ ನೆನಪಾತೇನ್ರಿ?" ಎಂದಳು.

ಆದದ್ದನ್ನು ಬರೆದಿಡುತ್ತೇನೆ, ನಗಬೇಕೋ ಅಳಬೇಕೋ ಆಮೇಲೆ ನೋಡೋಣ. ಮೂಡಲಗಿಯಲ್ಲಿ ಮದುಮಗ ಕುದುರೆ ಏರಿದ, ನಾನು ಊದಲು ಹಿಡಿದೆ. ನನ್ನದೊಂದು ಪ್ರಸಿದ್ಧ ಆಟವಿದೆ: ಒಂದು ಎತ್ತರದ ಸ್ವರ ಹಿಡಿದು, ಅದನ್ನು ಬಿಡದೆ, ಮೆಲ್ಲಗೆ ಮೊಣಕಾಲೂರಿ ನೆಲದವರೆಗೆ ಬಗ್ಗುವುದು. ಜನ ಹುಚ್ಚೆದ್ದು ಕುಣಿಯುತ್ತಾರೆ. ಅಂದು ಸ್ವರ ಹಿಡಿದೆ. ಎದೆಯೊಳಗೆ ಯಾರೋ ತಾಶಾ ಬಡಿದಂತಾಯಿತು, ತಾಳ ತಪ್ಪಿಸಿ. ರಸ್ತೆ ಒಂದು ಕಡೆ ವಾಲಿತು. ಮೊಣಕಾಲು ತಾನಾಗಿ ಮಡಚಿತು, ಬಗ್ಗಿದೆ, ಮಲಗಿದೆ.

ಜನ ಚಪ್ಪಾಳೆ ಹೊಡೆದರು. ಇಂಥ ಆಟ ಹಿಂದೆಂದೂ ನೋಡಿರಲಿಲ್ಲ ಅವರು. ಸೀಟಿ ಹೊಡೆದರು. ಮದುಮಗನ ಸೋದರಮಾವ ನನ್ನ ಮೇಲೆ ನೋಟು ಇಳಿಸಿದ. ಬ್ಯಾಂಡು ಇನ್ನೂ ಜೋರಾಯಿತು. ನಾನು ಮೂಡಲಗಿಯ ಧೂಳಿಗೆ ಕೆನ್ನೆ ಹಚ್ಚಿ ಮಲಗಿ, ಜೀವನದಲ್ಲಿ ಇಷ್ಟು ಚಪ್ಪಾಳೆ ಸಿಕ್ಕಿರಲಿಲ್ಲವಲ್ಲ ಎಂದುಕೊಳ್ಳುತ್ತಿದ್ದೆ. ದೇವರಾಣೆ, ಅದನ್ನೇ ಅಂದುಕೊಂಡೆ.

ಆಗ ಒಂದು ಸದ್ದು ನಿಂತಿತು. ಏನು ನಿಂತಿತೆಂದು ಮೊದಲು ತಿಳಿಯಲಿಲ್ಲ. ಆಮೇಲೆ ತಾಶಾದವನು ಎಡವಿದ, ಢೋಲಿನವನು ನಿಂತ, ಅರ್ಫಾತ ತಿರುಗಿ ನೋಡಿದ. ನಿಂತದ್ದು ಗಿಲಕಿ. ಅಲ್ಲಪ್ಪ ಅದನ್ನು ನೆಲಕ್ಕಿಟ್ಟು ನನ್ನ ತಲೆ ತೊಡೆಯ ಮೇಲೆ ತೆಗೆದುಕೊಂಡಿದ್ದ. "ಆಟಲ್ಲ ಇದು, ಗಾಡಿ ತರ್ರಿ" ಎನ್ನುತ್ತಿದ್ದ. ಇಷ್ಟು ವರ್ಷದಲ್ಲಿ ಗಿಲಕಿ ನನಗೆ ಕೇಳಿಸಿದ್ದು ಅದೇ ಮೊದಲು, ಅದೂ ಅದು ನಿಂತಾಗ.

ಕೊನೆಗೂ ಎಕೋ ಆಯಿತು. ಡಾಕ್ಟರು ಟಿವಿಯಂಥದ್ದರಲ್ಲಿ ನನ್ನ ಹೃದಯ ತೋರಿಸಿದರು. ಬಹಳ ಸೋಮಾರಿ ಪ್ರಾಣಿಯಂತೆ ಅಲುಗುತ್ತಿತ್ತು. "ವೈರಸ್ಸಿನಿಂದ ಸ್ನಾಯು ಬಾತುಕೊಂಡೈತ್ರಿ. ಪಂಪ್ ಮಾಡೂ ಶಕ್ತಿ ಅರ್ಧಕ್ಕ ಇಳದೈತಿ. ಅದಕ್ಕ ನೀರು ಕಾಲಾಗ ನಿಲ್ಲತೈತಿ, ಪುಪ್ಪುಸದಾಗ ನಿಲ್ಲತೈತಿ, ಮಲಕೊಂಡ್ರ ದಮ್ಮ ಹತ್ತತೈತಿ. ನಿಮ್ಮ ಚೆಂಡು ಇದನ್ನ ಹೇಳೂದಿಲ್ರಿ."

"ಮತ್ತ ಟ್ರಂಪೆಟ್?"

"ಆರು ತಿಂಗಳು ಇಲ್ಲ. ಜೋರು ಮಾಡಿ ಊದಿದ್ರ ಎದಿ ಬಡತ ತಪ್ಪಿ ಅಲ್ಲೇ ನಿಲ್ಲಬಹುದು. ಮೂಡಲಗ್ಯಾಗ ನಿಮ್ಮ ನಸೀಬ ಚೊಲೊ ಇತ್ತು."

ಆರು ತಿಂಗಳೆಂದರೆ ಮೇ. ಅಫ್ರೀನಳ ಶಾದಿ ಫೆಬ್ರವರಿ ಒಂಬತ್ತಕ್ಕೆ.

ಡಿಸೆಂಬರ್ ೬, ಶುಕ್ರವಾರ

ಉಪ್ಪಿಲ್ಲ. ಉಪ್ಪಿನಕಾಯಿಯಿಲ್ಲ. ಹಪ್ಪಳವಿಲ್ಲ. ನೀರೂ ಅಳತೆಯಲ್ಲಿ. ಮಂಚದ ಕೆಳಗಿನ ಕರದಂಟೆಲ್ಲ ಓಣಿಗೆ ವಾಪಸು ಹೋಯಿತು. ಟ್ರಂಪೆಟ್ಟನ್ನು ಜೀನತ ಎಲ್ಲೋ ಬಚ್ಚಿಟ್ಟಿದ್ದಾಳೆ.

ಬರೆಯಲು ಮನಸ್ಸಿಲ್ಲ.

ಡಿಸೆಂಬರ್ ೧೧, ಬುಧವಾರ

ಸಪ್ಪೆ.

ಡಿಸೆಂಬರ್ ೨೦, ಶುಕ್ರವಾರ

ಅಳಿಯನಾಗುವವನು ಹುಕ್ಕೇರಿಯಿಂದ ಬಂದಿದ್ದ. ನಾನು ಗೋಡೆಗೆ ಮುಖ ಮಾಡಿ ಮಲಗಿದ್ದೆ. ಶಾದಿ ಮುಂದೂಡುವ ಮಾತು ತೆಗೆಯುತ್ತಾನೆಂದುಕೊಂಡೆ. ಅವನು ಡಾಕ್ಟರ ಕಾಗದವನ್ನೆಲ್ಲ ಓದಿ, ಮಾತ್ರೆಗಳನ್ನು ಒಂದೊಂದಾಗಿ ನೋಡಿ, "ಮಾಮು, ಮೋಟರ್ ಸುಟ್ಟಿಲ್ರಿ. ಕಾದೈತಿ ಅಷ್ಟ. ಲೋಡ್ ತಗದ ಇಟ್ರ ತಣ್ಣಗ ಆಕ್ಕೈತಿ" ಎಂದ.

"ಸುಟ್ಟಿದ್ರ?" ಎಂದೆ ಗೋಡೆಗೇ.

"ಸುಟ್ಟಿದ್ರ ನಮ್ಮ ಅಂಗಡಿಗೆ ತರ್ತಿದ್ರು."

ನಗಬಾರದೆಂದು ಬಹಳ ಹಿಡಿದುಕೊಂಡೆ. ಮಂಚ ಅಲುಗಿದ್ದು ಅವನಿಗೆ ಕಂಡಿರಬೇಕು. ನೀರಿನ ಮಾತ್ರೆಯೊಂದು ನುಂಗಿಸಿ ಹೋದ. ಕಾಲಿನ ನೀರನ್ನು ಮೂತ್ರದಲ್ಲಿ ಇಳಿಸುವ ಮಾತ್ರೆ ಅದು. ಅದನ್ನು ನುಂಗಿದರೆ ಆಮೇಲೆ ಸಿಟ್ಟು ಮಾಡಲು ಪುರುಸೊತ್ತಿರುವುದಿಲ್ಲ, ಬಚ್ಚಲಿಗೆ ತಿರುಗಾಡುವುದೇ ಕೆಲಸ. ಕಾಲು ಅರ್ಧ ಇಳಿದಿದೆ. ಮೊಣಕಾಲಿನ ಕೆಳಗೆ ನನ್ನ ಹಳೆಯ ಕಾಲು ಮತ್ತೆ ಕಾಣುತ್ತಿದೆ, ಬಹಳ ದಿನದ ಮೇಲೆ ಬಂದ ನೆಂಟನಂತೆ.

ಜನವರಿ ೫, ಭಾನುವಾರ

ಇಂದು ಒಂದು ವಿಚಿತ್ರ ಕಂಡುಹಿಡಿದೆ. ಜೀನತ ಹಾಡುತ್ತಾಳೆ.

ರೊಟ್ಟಿ ಬಡಿಯುವಾಗ, ಬಾಯಿ ಬಿಡದೆ, ಒಳಗೊಳಗೇ. ಶ್ರುತಿಯಲ್ಲಿ ಇರುತ್ತಾಳೆ, ರೊಟ್ಟಿಯ ಬಡಿತ ತಾಳಕ್ಕೆ ಬೀಳುತ್ತದೆ. ಅವಳಿಗೆ ಕಿವಿಯೇ ಇಲ್ಲ ಎಂದು ಇಪ್ಪತ್ತನಾಲ್ಕು ವರ್ಷದಿಂದ ಹೇಳಿಕೊಂಡು ಬಂದಿದ್ದೇನೆ. "ಯಾವಾಗಿಂದ ಹಾಡಾಕತ್ತಿ?" ಎಂದು ಕೇಳಿದೆ.

"ನೀವು ಮನ್ಯಾಗ ಸುಮ್ಮ ಕುಂತಿದ್ದ ಯಾವಾಗ್ರಿ, ಕೇಳಸಾಕ?" ಎಂದು ಹಂಚಿನ ಮೇಲಿನ ರೊಟ್ಟಿ ತಿರುವಿದಳು.

ಬ್ಯಾಂಡಿನವರು ಈಗ ನಮ್ಮ ಅಂಗಳದಲ್ಲೇ ತಾಲೀಮು ಮಾಡುತ್ತಾರೆ. ನಾನು ಕುರ್ಚಿ ಹಾಕಿ ಕೂರುತ್ತೇನೆ. ಮೂವತ್ತು ವರ್ಷ ಬ್ಯಾಂಡಿನ ಒಳಗೆ ನಿಂತವನಿಗೆ ಬ್ಯಾಂಡು ಹೊರಗಿನಿಂದ ಹೇಗೆ ಕೇಳಿಸುತ್ತದೆಂದು ಗೊತ್ತೇ ಇರಲಿಲ್ಲ. ಕ್ಲಾರನೆಟ್ಟಿನವನು ಪ್ರತಿ ಸಾಲಿನ ಕೊನೆಗೆ ಅರ್ಧ ಉಸಿರು ಕದಿಯುತ್ತಾನೆ. ಅರ್ಫಾತನದು ನನ್ನಷ್ಟು ಜೋರಿಲ್ಲ, ಆದರೆ ಮೆತ್ತಗೆ ಊದುವಲ್ಲಿ ಒಂದು ಮಾಧುರ್ಯವಿದೆ, ಅದು ನನ್ನದರಲ್ಲಿ ಇಲ್ಲ. ಇದನ್ನು ಅವನಿಗೆ ಹೇಳುವುದಿಲ್ಲ. ಗಿಲಕಿಯಂತೂ ಒಮ್ಮೆ ಕಿವಿಗೆ ಬಿದ್ದ ಮೇಲೆ ಬೇರೇನೂ ಕೇಳಿಸುವುದಿಲ್ಲ. ಎಲ್ಲರೂ ಅದರ ಮೇಲೆ ಕಾಲಿಟ್ಟೇ ನಡೆಯುತ್ತಾರೆ.

ಅಲ್ಲಪ್ಪನಿಂದ ಗಿಲಕಿ ಇಸಿದುಕೊಂಡು ಆಡಿಸಿ ನೋಡಿದೆ. ಕಾಳು ಚೆಲ್ಲಿದಂತಾಯಿತು.

"ಮಣಿಕಟ್ಟಿನಾಗ ಅಲ್ರಿ, ಮೊಣಕೈಯಾಗ ಹಿಡೀಬೇಕು" ಎಂದ. "ನಿಮ್ಮ ಟ್ರಂಪೆಟ್ ಹಂಗಲ್ಲ ಇದು, ತಪ್ಪಿದ್ರ ಮುಚ್ಚಾಕ ಜಾಗಾ ಇಲ್ಲ."

ಅವನ ಬಾಯಿ ಇತ್ತೀಚೆಗೆ ಬಹಳ ಬೆಳೆದಿದೆ. ನಾಳೆ ಬೇಗ ಬಾ ಎಂದಿದ್ದೇನೆ.

ಜನವರಿ ೨೪, ಶುಕ್ರವಾರ

ಎರಡನೆಯ ಎಕೋ. ಮೂವತ್ತರಲ್ಲಿದ್ದ ಪಂಪು ನಲವತ್ತಕ್ಕೆ ಬಂದಿದೆ, ಐವತ್ತೈದು ಬೇಕಂತೆ. ಡಾಕ್ಟರ್ ಪೂನಮ್ ಮೊದಲ ಸಲ ನಕ್ಕರು. ಆ ನಗು ನೋಡಿ ಸಮಯ ಸಾಧಿಸಿ ಕೇಳಿದೆ. ಮಗಳ ಶಾದಿ, ಬರೀ ರುಖ್ಸತಿ, ಒಂದೇ ಧಾಟಿ.

"ಒಂದ ಸ್ವರಾನೂ ಇಲ್ಲ" ಎಂದರು. ನಗು ಹಾಗೇ ಇತ್ತು.

ಮನೆಗೆ ಬಂದು ಲೆಕ್ಕ ಹಾಕಿದೆ. ನಲವತ್ತು ಎಂದರೆ ಐವತ್ತೈದಕ್ಕೆ ಬಹಳ ದೂರವಿಲ್ಲ. ಒಂದು ಧಾಟಿ ಎಂದರೆ ಎಷ್ಟು ಹೊತ್ತು? ಹುಡುಗಿ ಹೊಸ್ತಿಲಿನಿಂದ ಗಾಡಿಯವರೆಗೆ ನಡೆಯುವಷ್ಟು. ನಮ್ಮ ಓಣಿ ಸಣ್ಣದು. ಟ್ರಂಪೆಟ್ಟು ಜೋಳದ ಕಣಜದಲ್ಲಿದೆ, ಹಿತ್ತಾಳೆ ಪಾಲಿಶಿನ ವಾಸನೆ ಹಿಡಿದು ಪತ್ತೆ ಮಾಡಿದೆ. ಶಾದಿಯ ಹಿಂದಿನ ದಿನ ಸದ್ದಿಲ್ಲದೆ ತೆಗೆದು ಒರೆಸಿಡು ಎಂದು ಅರ್ಫಾತನಿಗೆ ಹೇಳಿದ್ದೇನೆ. ಉಸಿರೆತ್ತಬೇಡ ಎಂದಿದ್ದೇನೆ. ಹೂಂ ಎಂದಿದ್ದಾನೆ.

ಫೆಬ್ರವರಿ ೨, ಭಾನುವಾರ

ಅರ್ಫಾತ ಉಸಿರೆತ್ತಿದ.

ಅಫ್ರೀನ ಕೈಗೆ ಮೆಹೆಂದಿಯ ಮಾದರಿ ಹಾಕಿಕೊಂಡು ಕೂತಿದ್ದವಳು ಎದ್ದು ಬಂದಳು. ಕಿರುಚಿದ್ದರೆ ನಾನೂ ಕಿರುಚುತ್ತಿದ್ದೆ. ಹತ್ತಿರ ಕೂತು ಮೆಲ್ಲಗೆ ಕೇಳಿದಳು. "ಅಬ್ಬಾ, ಊರ ಮಂದಿ ಹೆಣ್ಮಕ್ಕಳನ್ನೆಲ್ಲಾ ಅಳಿಸೀರಿ. ನಾ ಅಳೂದು ನೋಡಾಕ ಜೀವಾ ಯಾಕ ಪಣಕ್ಕ ಇಡತೀರಿ?"

"ಎಲ್ಲಾರ ಮಕ್ಕಳಿಗೂ ಊದೇನಿ. ನನ್ನ ಮಗಳಿಗೆ ಊದಲಿಲ್ಲಂದ್ರ ನಾ ಎಂಥಾ ಅಪ್ಪ?"

"ಬದುಕಿರೂ ಅಪ್ಪ" ಎಂದಳು. "ಹುಕ್ಕೇರಿಗೆ ನಾ ಹೊಂಟಾಗ ಹಿಂದ ನಿಮ್ಮ ಜನಾಜಾ ಏಳಬಾರದು. ನನ್ನ ತಲಿ ಮ್ಯಾಲ ಕೈ ಇಟ್ಟ ಆಣಿ ಮಾಡ್ರಿ, ಊದೂದಿಲ್ಲ ಅಂತ."

ತಲೆ ಮುಂದಕ್ಕೆ ಮಾಡಿದಳು. ಬೈತಲೆಯಲ್ಲಿ ಬೆವರಿತ್ತು. ಕೈ ಎತ್ತಿದೆ, ಇಡಲಾಗಲಿಲ್ಲ. ನೀರಿನ ಮಾತ್ರೆ ಕೆಲಸ ಶುರು ಮಾಡಿದೆ ಎಂದು ಹೇಳಿ ಬಚ್ಚಲಿಗೆ ಹೋದೆ. ಬಹಳ ಹೊತ್ತು ಅಲ್ಲೇ ನಿಂತಿದ್ದೆ. ಮಾತ್ರೆ ನಾನಿನ್ನೂ ನುಂಗಿರಲಿಲ್ಲ.

ಫೆಬ್ರವರಿ ೧೦, ಸೋಮವಾರ

ಮನೆ ತುಂಬ ನಿನ್ನೆಯ ಹೂವು, ಬಿರಿಯಾನಿಯ ವಾಸನೆ. ನನ್ನ ಪಾಲಿಗೆ ವಾಸನೆ ಮಾತ್ರ. ಇನ್ನೂ ತಲೆ ತಿರುಗುತ್ತಿದೆ. ಇದು ಹೃದಯದ್ದಲ್ಲ, ಖುಷಿಯದು. ಬರೆಯುವ ಮೊದಲು ನಾಡಿ ಹಿಡಿದು ನೋಡಿದ್ದೇನೆ.

ನಿಕಾ ಸುಸೂತ್ರ ಆಯಿತು. ಸುಫಿಯಾನ ಕಬೂಲ್ ಎಂದದ್ದು ಹೊರಗಿನ ರಸ್ತೆಗೆ ಕೇಳಿಸಿತು. ಸಂಜೆಗೆ ರುಖ್ಸತಿ. ನನ್ನನ್ನು ಬಾಗಿಲ ಪಕ್ಕ ಕುರ್ಚಿಯಲ್ಲಿ ಕೂರಿಸಿ, ಮೇಲೊಂದು ಶಾಲು ಹೊದಿಸಿದ್ದರು. ಶಾಲಿನ ಕೆಳಗೆ ಟ್ರಂಪೆಟ್ ಇತ್ತು. ಅರ್ಫಾತ ಸುದ್ದಿ ಬಿಟ್ಟುಕೊಟ್ಟ ಮೇಲೆ ಕಣಜದಿಂದ ನಾನೇ ತೆಗೆದುಕೊಂಡಿದ್ದೆ.

ಅಫ್ರೀನ ಹೊಸ್ತಿಲಿಗೆ ಬಂದಳು. ಅರ್ಫಾತ ಧಾಟಿ ಎತ್ತಿದ. ಮೊದಲ ಸಾಲು ಚೆನ್ನಾಗಿ ಹೋಯಿತು. ಎರಡನೆಯದರಲ್ಲಿ ಅವನ ತುಟಿ ನಡುಗಿತು. ಅವಳನ್ನು ಕೂಸಿದ್ದಾಗಿನಿಂದ ಎತ್ತಿ ಆಡಿಸಿದವನು, ಅವನಿಗೇ ಅಳು ಬಂದುಬಿಟ್ಟಿತು. ಸ್ವರ ಒಡೆಯಿತು. ಬ್ಯಾಂಡು ನಿಂತಿತು. ಗೋಕಾಕದವರು, ಹುಕ್ಕೇರಿಯವರು, ಮಾಳಿಗೆ ಏರಿ ನಿಂತವರು, ಎಲ್ಲರೂ ನನ್ನ ಕಡೆ ತಿರುಗಿದರು. ಮೂವತ್ತು ವರ್ಷ ಇಂಥ ಹೊತ್ತಿಗಾಗಿಯೇ ನಾನು ಬದುಕಿದ್ದು.

ಶಾಲು ಸರಿಸಿದೆ. ಟ್ರಂಪೆಟ್ ತುಟಿಗಿಟ್ಟೆ. ಜೀನತ ಗೋಡೆ ಹಿಡಿದುಕೊಂಡಳು.

ಅಫ್ರೀನ ಸೆರಗು ಎತ್ತಿ ನೋಡಿದಳು. ಅವಳು ಉಸಿರು ಒಳಗೆಳೆದು ಹಿಡಿದಿದ್ದಳು. ಎದೆ ಮೇಲೆದ್ದು ನಿಂತಿತ್ತು, ಇಳಿಯಲಿಲ್ಲ. ನಾನು ಊದುವವರೆಗೆ ಅವಳು ಉಸಿರು ಬಿಡುವುದಿಲ್ಲವೆಂದು ಗೊತ್ತಾಯಿತು. ಊದಿದ ಮೇಲೆ ಬಿಡುತ್ತಾಳೋ ಇಲ್ಲವೋ ಎಂದು ಹೆದರಿಕೆಯಾಯಿತು. ನನಗಾಗಿ ಅಲ್ಲ, ನನ್ನ ಹೃದಯಕ್ಕಾಗಿ ಅಲ್ಲ, ಅವಳಿಗಾಗಿ ಹೆದರಿ ಟ್ರಂಪೆಟ್ ಇಳಿಸಿದೆ.

ಟ್ರಂಪೆಟ್ಟನ್ನು ಜೀನತಳ ಕೈಗೆ ಕೊಟ್ಟೆ. ಅಲ್ಲಪ್ಪನ ಕಡೆ ಕೈ ಚಾಚಿದೆ.

ಅವನು ಒಂದು ಕ್ಷಣ ನೋಡಿ, ಗಿಲಕಿ ಕೊಟ್ಟ. "ಮೊಣಕೈ" ಎಂದ, ಮೆಲ್ಲಗೆ.

ಆಡಿಸಿದೆ. ಮೊಣಕೈಯಲ್ಲಿ. ಆದರೆ ಗಿಲಕಿಯಿಂದ ದುಃಖದ ಧಾಟಿ ಹೊರಡುತ್ತದೆಯೇ? ಅದು ಕೂಸು ನಗಿಸಲು ಹುಟ್ಟಿದ್ದು. ಕೆಂಪು ಕೋಟು, ಜರಿ ಟೋಪಿ ಹಾಕಿದ ಯಾಕೂಬ ಉಸ್ತಾದ ಕುರ್ಚಿಯಲ್ಲಿ ಕೂತು ಗಂಭೀರ ಮುಖ ಮಾಡಿ ಗಿಲ್ ಗಿಲ್ ಎನ್ನಿಸುತ್ತಿದ್ದಾನೆ. ತಾಶಾದವನು ತಡೆಯಲಾರದೆ ಮೇಲೆ ಎರಡು ಕಡ್ಡಿ ಇಟ್ಟ. ಢೋಲು ಬಿತ್ತು. ಅರ್ಫಾತ ಮೂಗು ಒರೆಸಿಕೊಂಡು ಬರಾತಿನ ಕುಣಿತದ ಧಾಟಿ ಹಿಡಿದೇಬಿಟ್ಟ. ಅಫ್ರೀನ ಹಿಡಿದಿದ್ದ ಉಸಿರು ಬಿಟ್ಟಳು, ಅದು ನಗುವಾಗಿ ಬಂತು. ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡರೂ ನಿಲ್ಲಲಿಲ್ಲ. ಹೊಟ್ಟೆ ಹಿಡಿದುಕೊಂಡು, ಕಾಡಿಗೆ ಎಲ್ಲ ಕದಡಿ, ನಗುತ್ತ ನಗುತ್ತ ಗಾಡಿ ಏರಿದಳು. ಹುಕ್ಕೇರಿಯ ಹಿರಿಯ ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ತವರು ಬಿಡುವಾಗ ನಕ್ಕ ಹುಡುಗಿಯನ್ನು ಅವರು ನೋಡಿರಲಿಲ್ಲ.

ಗಾಡಿ ತಿರುವಿನಲ್ಲಿ ಮರೆಯಾಗುವವರೆಗೆ ಆಡಿಸಿದೆ. ಆಮೇಲೆ ಗಿಲಕಿ ಹಿಡಿದುಕೊಂಡೇ ಅತ್ತೆ. ಈ ಸಲ ಕೆಮ್ಮೆಂದು ತೋರಿಸಲಿಲ್ಲ.

ಫೆಬ್ರವರಿ ೧೩, ಗುರುವಾರ

ಅಫ್ರೀನಳ ಫೋನು ಬಂದಿತ್ತು. ಹುಕ್ಕೇರಿಯಲ್ಲಿ ಇನ್ನೂ ಅದೇ ಮಾತಂತೆ. ಅತ್ತೆ ಕೂರಿಸಿಕೊಂಡು ಕೇಳಿದರಂತೆ, ಹೆತ್ತ ಮನೆ ಬಿಟ್ಟು ಬರುವಾಗ ಯಾರಾದರೂ ನಗುತ್ತಾರೇನು ಎಂದು.

"ನೀ ಏನಂದಿ?" ಎಂದೆ.

"ನಮ್ಮ ಅಬ್ಬಾ ಬದುಕ್ಯಾರ, ನಗಲಾರದ ಏನ್ ಮಾಡ್ಲಿ ಅಂದೆ."

ಅವಳ ಹಿಂದೆ ಅಂಗಡಿಯಲ್ಲಿ ಯಾವುದೋ ಮೋಟರು ತಿರುಗುವ ಸದ್ದು ಬರುತ್ತಿತ್ತು.

ಮಧ್ಯಾಹ್ನ ಜೀನತ ಹಾಸಿಗೆ ಬಿಸಿಲಿಗೆ ಹಾಕುವಾಗ ನನ್ನ ಮೂರು ದಿಂಬಿನಲ್ಲಿ ಎರಡನ್ನು ಎತ್ತಿ ಅಟ್ಟಕ್ಕೆ ಇಟ್ಟಳು. ಯಾಕೆ ತೆಗೆಯುತ್ತೀಯೆಂದು ಕೇಳಿದೆ. ಎಂಟು ದಿನದಿಂದ ನಾನು ಒಂದೇ ದಿಂಬಿನ ಮೇಲೆ ಮಲಗುತ್ತಿದ್ದೇನಂತೆ. ಅವಳು ಹೇಳಿದ ಮೇಲೆ ಗೊತ್ತಾಯಿತು.